ರಸ್ತೆಗೆ ತಕ್ಕ ಚಕ್ರ

ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಪುಟ್ಟ ಚಕ್ರಗಳ ಮೇಲೆ ಕೂರಿಸಿದ ಒಂದು ಹಲಗೆ, ಅಷ್ಟೇ. ಕೊಳ್ಳುವಾಗ ಮಕ್ಕಳು ನೋಡುವುದು ಹಲಗೆಯನ್ನು. ಅದರ ಅಡಿಯಲ್ಲಿ ಬರೆದ ತಲೆಬುರುಡೆ, ಬೆಂಕಿ, ಹುಲಿಗಳನ್ನು. ಅಪ್ಪ ಅಮ್ಮಂದಿರು ನೋಡುವುದು ಬೆಲೆಯ ಚೀಟಿಯನ್ನು. ಚಕ್ರವನ್ನು ಮಾತ್ರ ಯಾರೂ ತಿರುಗಿಸಿ ನೋಡುವುದಿಲ್ಲ. ಬೀದಿಗೆ ಇಳಿದಾಗ ಮೊದಲು ಕಲ್ಲಿಗೆ ಮುಖ ಕೊಡುವುದು ಅದೇ.

ರಾಜಾಜಿನಗರದ ಅಡ್ಡರಸ್ತೆಯೊಂದರ ಮನೆಯಲ್ಲಿ ಆದದ್ದೂ ಹೀಗೆಯೇ. ಎಂಟನೆಯ ತರಗತಿಯ ಹುಡುಗಿ. ಒಂದು ವರ್ಷ ಬೇಡಿ, ನಡುನಡುವೆ ಊಟ ಬಿಟ್ಟು, ಗಣಿತದಲ್ಲಿ ಮಾತು ಕೊಟ್ಟಷ್ಟು ಅಂಕ ತಂದು, ಕೊನೆಗೂ ಹುಟ್ಟುಹಬ್ಬಕ್ಕೆ ಸ್ಕೇಟ್‌ಬೋರ್ಡ್ ಗಿಟ್ಟಿಸಿಕೊಂಡಳು. ಎಂಥದು ಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿ ಸೇರಿದಾಗ ಮಹಿಳೆಯರ ಸ್ಟ್ರೀಟ್ ವಿಭಾಗದ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗಿದ್ದದ್ದು 13 ವರ್ಷ. ಹೆಚ್ಚುಕಡಿಮೆ ತನ್ನದೇ ವಯಸ್ಸಿನ ಹುಡುಗಿ ಕಂಬಿಯ ಮೇಲೆ ಹಲಗೆ ಜಾರಿಸಿ ಇಳಿಯುವುದನ್ನು ಇವಳು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ಹಾಗೆ ಜಿಗಿಯಲು, ಜಾರಲು ಹೇಳಿ ಮಾಡಿಸಿದ ಚಕ್ರವೇ ಅವಳ ಹಲಗೆಗೂ ಬಂತು. ವ್ಯಾಸ 52 ಮಿಲಿಮೀಟರ್. ಪಕ್ಕದಲ್ಲಿ ‘101ಎ’ ಎಂದು ಅಚ್ಚೊತ್ತಿತ್ತು. ಆ ಅಂಕಿ ಏನೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ನಾಲ್ಕನೆಯ ದಿನ ಸಂಜೆ ಬಿದ್ದಳು. ತಲೆಗೆ ಹೆಲ್ಮೆಟ್ ಇತ್ತು, ಮಂಡಿಗೆ ಪ್ಯಾಡ್ ಇತ್ತು, ಗದ್ದಕ್ಕೆ ಏನೂ ಇರಲಿಲ್ಲ. ಮೂರು ಹೊಲಿಗೆ ಬಿತ್ತು.

“ಆ ಹಲಗೇನ ಮೊದಲು ಅಟ್ಟಕ್ಕೆ ಹಾಕಿ ರೀ. ನಾಳೆ ಕೈ ಮುರಿದ್ರೆ ಪರೀಕ್ಷೆ ಯಾರು ಬರೀತಾರೆ?” ಎಂದರು ಅಮ್ಮ. ಈ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮಗಳು ವಾದ ಮಾಡಲಿಲ್ಲ; ಹೊಲಿಗೆ ಹಾಕಿದ ಗದ್ದದಲ್ಲಿ ವಾದ ಮಾಡುವುದೂ ಸುಲಭವಲ್ಲ. ಹಲಗೆ ಅಟ್ಟ ಸೇರಿತು. ಅಪ್ಪ ಮಾತ್ರ ಟಾರ್ಚ್ ಹಿಡಿದು ಮಗಳು ಬಿದ್ದ ಜಾಗಕ್ಕೆ ಹೋದರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸಿ ‘ಸರಿ’, ‘ತಿರಸ್ಕೃತ’ ಎಂದು ಚೀಟಿ ಹಚ್ಚುವ ಕೆಲಸ ಅವರದು. ಏನಾದರೂ ಮುರಿದರೆ ಯಾರು ಮುರಿದರು ಎಂದು ಕೇಳುವ ಮೊದಲು ಯಾಕೆ ಮುರಿಯಿತು ಎಂದು ಕೇಳುವುದು ಅವರಿಗೆ ಅಭ್ಯಾಸವಾಗಿ ಹೋಗಿದೆ.

ಸಿಕ್ಕಿದ್ದು ಒಂದು ಜಲ್ಲಿ ಕಲ್ಲು. ಮೂರು ಮನೆ ಆಚೆ ಯಾರೋ ಮನೆ ಕಟ್ಟಿಸುತ್ತಿದ್ದಾರೆ; ಅವರ ರಾಶಿಯಿಂದ ಉರುಳಿ ಬಂದ ಅರ್ಧ ಇಂಚಿನ ಕಲ್ಲು. ಕಲ್ಲಿನ ಮೂಲೆ ಕೆತ್ತಿತ್ತು, ಡಾಂಬರಿನ ಮೇಲೆ ಒಂದು ಗೇಣು ಉದ್ದ ಗೀರು ಬಿದ್ದಿತ್ತು. ಹಲಗೆ ನಿಂತಿತ್ತು, ಹುಡುಗಿ ಮುಂದೆ ಹೋಗಿದ್ದಳು. ಕಲ್ಲನ್ನು ಜೇಬಿಗೆ ಹಾಕಿಕೊಂಡು ಬಂದರು.

ಅವರಿಗೆ ಇದು ಹೊಸ ಅನುಭವವಲ್ಲ. ಚಿತ್ರದುರ್ಗದಲ್ಲಿ ಬೆಳೆದವರು. ಹೆದ್ದಾರಿಯ ಬದಿಯ ಲಾರಿ ಗ್ಯಾರೇಜುಗಳಲ್ಲಿ ಸವೆದ ಬೇರಿಂಗ್ ಬೇಡಿ ತಂದು, ಹಿಂದೆ ಎರಡು ಮುಂದೆ ಒಂದು ಸಿಕ್ಕಿಸಿ, ಮೇಲೆ ಹಲಗೆ ಹೊಡೆದರೆ ಬೇರಿಂಗ್ ಗಾಡಿ ಆಗುತ್ತಿತ್ತು. ಇಂದಿನ ಓದುಗರಲ್ಲಿ ಅಪ್ಪಂದಿರಾದವರು ಇದನ್ನು ಓಡಿಸಿಯೇ ಇರುತ್ತಾರೆ. ಅದರ ಚಕ್ರ ಅಪ್ಪಟ ಉಕ್ಕು. ಸಿಮೆಂಟು ನೆಲದ ಮೇಲೆ ಬಿಟ್ಟರೆ ಹಾರುತ್ತಿತ್ತು. ಇಳಿಜಾರಿನ ಬೀದಿಯಲ್ಲಿ ಬಿಟ್ಟರೆ ಬೀದಿಯೇ ಕಿರುಚಿಕೊಂಡಂತೆ ಸದ್ದು, ಹಲ್ಲು ಅದುರುವ ನಡುಕ, ತಿರುವಿನಲ್ಲಿ ಹಿಡಿತವಿಲ್ಲದೆ ಅಡ್ಡ ಜಾರುವುದು. ಸಣ್ಣ ಕಲ್ಲೊಂದು ಸಿಕ್ಕರೆ ಗಾಡಿ ಅಲ್ಲೇ, ಸವಾರ ಚರಂಡಿಯಲ್ಲಿ.

ಚಿತ್ರದುರ್ಗದ ಹುಡುಗರಿಗೆ ಗೊತ್ತಿರಲಿಲ್ಲ, ಅಮೆರಿಕದ ಹುಡುಗರು ಅವರಿಗಿಂತ ಮೊದಲೇ ಇದೇ ಪಾಡು ಪಟ್ಟಿದ್ದರು. ಸ್ಕೇಟ್‌ಬೋರ್ಡ್ ಹುಟ್ಟಿದ್ದೇ ಬೇರಿಂಗ್ ಗಾಡಿಯ ಹಾಗೆ: ರೋಲರ್ ಸ್ಕೇಟಿನ ಉಕ್ಕಿನ ಚಕ್ರಗಳನ್ನು ಬಿಚ್ಚಿ ಹಲಗೆಗೆ ಮೊಳೆ ಹೊಡೆದು. 1960ರ ದಶಕದಲ್ಲಿ ಕಂಪನಿಗಳು ತಯಾರಿಸಿ ಮಾರತೊಡಗಿದಾಗ ‘ಕ್ಲೇ’ ಎಂದು ಕರೆಯುತ್ತಿದ್ದ ಗಡಸು ಮಿಶ್ರಣದ ಚಕ್ರ ಬಂತು. ಉಕ್ಕಿಗಿಂತ ವಾಸಿ, ಆದರೆ ರಸ್ತೆಯಲ್ಲಿ ಹಿಡಿತವಿಲ್ಲ, ಬೇಗ ಸವೆಯುತ್ತದೆ, ಚಿಕ್ಕ ಕಲ್ಲು ಸಿಕ್ಕರೂ ಗಕ್ಕನೆ ನಿಲ್ಲುತ್ತದೆ. ಮಕ್ಕಳು ಬಿದ್ದರು, ಮೂಳೆ ಮುರಿದುಕೊಂಡರು. 1965ರ ವೇಳೆಗೆ ಹಲವು ನಗರಗಳು ಬೀದಿಯಲ್ಲಿ ಈ ಆಟವನ್ನೇ ನಿಷೇಧಿಸಿದವು. ಅಂಗಡಿಗಳಲ್ಲಿ ಮಾಲು ಹಾಗೇ ಉಳಿಯಿತು. ಒಂದು ಇಡೀ ದೇಶ ತನ್ನ ಮಕ್ಕಳ ಹಲಗೆಗಳನ್ನು ಅಟ್ಟಕ್ಕೆ ಹಾಕಿತು ಎನ್ನಬಹುದು.

ಅದು ಅಟ್ಟದಿಂದ ಇಳಿದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಫ್ರಾಂಕ್ ನಾಸ್‌ವರ್ದಿ ಎಂಬ ತರುಣ ವರ್ಜೀನಿಯಾದ ಒಂದು ಕಾರ್ಖಾನೆಯಲ್ಲಿ ರೋಲರ್ ಸ್ಕೇಟ್‌ಗೆಂದು ಮಾಡಿದ್ದ ಪಾಲಿಯುರೆಥೇನ್ ಚಕ್ರಗಳನ್ನು ನೋಡಿದ. ತನ್ನ ಹಲಗೆಗೆ ಹಾಕಿ ನೋಡಿದ. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಒಯ್ದು ‘ಕ್ಯಾಡಿಲಾಕ್’ ಎಂಬ ಹೆಸರಿನಲ್ಲಿ ಮಾರಿದ. ಪಾಲಿಯುರೆಥೇನ್ ಆಗ ಹೊಸದೇನಲ್ಲ. ಜರ್ಮನಿಯಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲೇ ಅದನ್ನು ತಯಾರಿಸಿದ್ದರು. ರಬ್ಬರಿನಂತೆ ನೆಲ ಹಿಡಿಯುತ್ತದೆ, ರಬ್ಬರಿನಂತೆ ಬೇಗ ಸವೆಯುವುದಿಲ್ಲ. ಬಿಟ್ಟುಹೋಗಿದ್ದ ಆಟಕ್ಕೆ ಇಷ್ಟರಿಂದಲೇ ಮತ್ತೆ ಜೀವ ಬಂತು. ಹುಡುಗರು ಅವರೇ, ರಸ್ತೆಯೂ ಅದೇ, ಬದಲಾದದ್ದು ಚಕ್ರ.

ಇಷ್ಟೆಲ್ಲ ಕಥೆ ಅಪ್ಪನಿಗೆ ಆಮೇಲೆ ತಿಳಿಯಿತು. ಅವರು ಮೊದಲು ಮಾಡಿದ ಕೆಲಸವೆಂದರೆ ಅಟ್ಟ ಹತ್ತಿ ಒಂದು ಚಕ್ರ ಬಿಚ್ಚಿಕೊಂಡು ಮರುದಿನ ಊಟದ ಡಬ್ಬಿಯ ಜೊತೆ ಕಾರ್ಖಾನೆಗೆ ಒಯ್ದದ್ದು. ಅಲ್ಲಿ ರಬ್ಬರು, ಯುರೆಥೇನುಗಳ ಗಡಸುತನ ಅಳೆಯುವ ಡ್ಯೂರೋಮೀಟರ್ ಇದೆ. ಗಡಿಯಾರದಂಥ ಮುಖ, ಕೆಳಗೆ ಮೊಂಡು ಸೂಜಿ. ವಸ್ತುವಿನ ಮೇಲೆ ಒತ್ತಿದರೆ ಸೂಜಿ ಎಷ್ಟು ಒಳಗಿಳಿಯದೆ ಎದುರು ನಿಂತಿತೋ ಅಷ್ಟು ಅಂಕ. ಅಮೆರಿಕದ ಆಲ್ಬರ್ಟ್ ಶೋರ್ ರೂಪಿಸಿದ ಅಳತೆಯಾದ್ದರಿಂದ ‘ಶೋರ್ ಎ’ ಎನ್ನುತ್ತಾರೆ. ಚಕ್ರದ ಮೇಲಿನ ‘ಎ’ ಇದೇ. ಕಾರಿನ ಟೈರಿನ ಮೇಲ್ಮೈ ಸಾಮಾನ್ಯವಾಗಿ 60ರಿಂದ 70ರ ಆಸುಪಾಸಿನಲ್ಲಿರುತ್ತದೆ. ಮಗಳ ಚಕ್ರಕ್ಕೆ ಒತ್ತಿದಾಗ ಮುಳ್ಳು ನೂರರ ಬಳಿ ಹೋಗಿ ನಿಂತಿತು. (ಅಳತೆ ಮುಗಿಯುವುದೇ ನೂರಕ್ಕೆ. ಅದರಲ್ಲಿ 101 ಹೇಗೆ ಬಂತು ಎಂದು ಕೇಳುವ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಬೇಕು. ತಯಾರಕರು ‘ಇದು ಬಲು ಗಡಸು’ ಎಂದು ಹೇಳುವ ರೀತಿ ಅದು. ಕೆಲವರು ಇಂಥ ಚಕ್ರಕ್ಕೆ ‘ಬಿ’ ಎಂಬ ಬೇರೆ ಅಳತೆ ಬಳಸುತ್ತಾರೆ. ಅದರ 84 ಎಂದರೆ ‘ಎ’ ಲೆಕ್ಕದಲ್ಲಿ ಸುಮಾರು 104.)

ಮುಳ್ಳು ನೋಡಿದ ಕೂಡಲೇ ಅವರಿಗೆ ನೆನಪಾದದ್ದು ಕಾರ್ಖಾನೆಯ ಸರಕು ಎಳೆಯುವ ಟ್ರಾಲಿಗಳು. ಅಲ್ಲಿ ಎರಡು ಬಗೆಯವು ಇವೆ. ಒಂದಕ್ಕೆ ನೈಲಾನ್ ಚಕ್ರ, ಇನ್ನೊಂದಕ್ಕೆ ಪಾಲಿಯುರೆಥೇನ್. ಒಳಗಿನ ನುಣುಪು ನೆಲದ ಮೇಲೆ ನೈಲಾನಿನದು ಒಂದು ಕೈಯಲ್ಲಿ ಎಳೆದರೂ ಬರುತ್ತದೆ. ಅದನ್ನೇ ಗೇಟಿನ ಬಳಿಯ ಒರಟು ಅಂಗಳಕ್ಕೆ ತಂದರೆ ಇಬ್ಬರು ತಳ್ಳಬೇಕು, ಮೇಲಿನ ಡಬ್ಬಗಳು ಕುಣಿಯುತ್ತವೆ. ಯಾವುದನ್ನು ಎಲ್ಲಿ ಬಳಸಬೇಕೆಂದು ಅಲ್ಲಿನ ಕೂಲಿ ಹುಡುಗರಿಗೆ ಯಾರೂ ಪಾಠ ಹೇಳಿಲ್ಲ, ಅವರ ತೋಳಿಗೆ ಗೊತ್ತು.

ಕಾರಣ ಸರಳ. ನುಣುಪು ನೆಲದಲ್ಲಿ ಮೆದು ಚಕ್ರ ಸುತ್ತು ಸುತ್ತಿಗೂ ಚಪ್ಪಟೆಯಾಗಿ ಎದ್ದು ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಡಸು ಚಕ್ರ ಕಳೆದುಕೊಳ್ಳುವುದು ಕಡಿಮೆ. ಆದ್ದರಿಂದ ಅಲ್ಲಿ ಗಡಸಿನದೇ ಗೆಲುವು. ಒರಟು ನೆಲದಲ್ಲಿ ಲೆಕ್ಕ ತಿರುಗುಮುರುಗು. ಗಡಸು ಚಕ್ರ ಪ್ರತಿ ಕಲ್ಲು ಹತ್ತುವಾಗಲೂ ತನ್ನ ಮೇಲೆ ನಿಂತ 40 ಕೆ.ಜಿ. ಹುಡುಗಿಯನ್ನೂ ಜೊತೆಗೆ ಎತ್ತಿ ಇಳಿಸುತ್ತದೆ. ಮೆದು ಚಕ್ರ ಕಲ್ಲು ತಾಗಿದ ಕಡೆ ತನ್ನ ಮೈಯನ್ನಷ್ಟೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಎತ್ತಿ ಇಳಿಸುವುದೇ ಅಂಗಾಲಿಗೆ ತಾಗುವ ನಡುಕ, ಅದೇ ವೇಗದ ನಷ್ಟ.

ಇದೇ ಮಾತನ್ನು 1887ರ ಹೊತ್ತಿಗೆ ಬೆಲ್‌ಫಾಸ್ಟ್‌ನಲ್ಲಿ ಒಬ್ಬ ಪಶುವೈದ್ಯ ಕಂಡುಕೊಂಡಿದ್ದ. ಜಾನ್ ಬಾಯ್ಡ್ ಡನ್‌ಲಪ್ ಅವನ ಹೆಸರು. ಚಿಕ್ಕ ಮಗ ಮೂರು ಚಕ್ರದ ಸೈಕಲ್ಲಿನಲ್ಲಿ ಕಲ್ಲು ಹಾಸಿನ ಬೀದಿಯ ಮೇಲೆ ಕುಲುಕಾಡಿಕೊಂಡು ಹೋಗುವುದನ್ನು ನೋಡಲಾರದೆ, ಮರದ ಬಿಲ್ಲೆಯೊಂದರ ಸುತ್ತ ತೆಳು ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದ. ಅದನ್ನೂ ಸೈಕಲ್ಲಿನ ಹಳೆಯ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿ ನೋಡಿದ. ಹಳೆಯದು ನಡುದಾರಿಯಲ್ಲೇ ಬಿದ್ದಿತು, ಗಾಳಿಯದು ಮುಂದೆ ಹೋಯಿತು. ಮರುವರ್ಷ ಪೇಟೆಂಟ್ ಪಡೆದ. ಇಂದು ರಸ್ತೆಯಲ್ಲಿ ಓಡುವ ಟೈರುಗಳ ಕಥೆಯಲ್ಲಿ ಒಬ್ಬ ಅಪ್ಪನ ಈ ಸಂಕಟವೂ ಇದೆ.

ಸ್ಕೇಟ್‌ಬೋರ್ಡಿಗೆ ಗಾಳಿ ತುಂಬುವಂತಿಲ್ಲ. ಉಳಿದಿರುವ ದಾರಿ ಎರಡೇ: ಚಕ್ರ ದೊಡ್ಡದಾಗಬೇಕು, ಇಲ್ಲವೇ ಮೆದುವಾಗಬೇಕು.

ದೊಡ್ಡದಾದರೆ ಎಷ್ಟು ಲಾಭ? ಅಪ್ಪ ಜೇಬಿನಿಂದ ಕಲ್ಲು ತೆಗೆದು ಮೇಜಿನ ಮೇಲಿಟ್ಟರು, ಡಿಪ್ಲೊಮಾದಲ್ಲಿ ಕಲಿತ ಸನ್ನೆಕೋಲಿನ ಲೆಕ್ಕ ಹಾಕಿದರು. ಪಿ.ಯು. ವಿಜ್ಞಾನದ ವಿದ್ಯಾರ್ಥಿಗಳು ತಾವೂ ಹಾಕಿ ನೋಡಬಹುದು. 40 ಕೆ.ಜಿ. ಹುಡುಗಿ ನಾಲ್ಕು ಚಕ್ರದ ಮೇಲೆ ನಿಂತರೆ ಒಂದರ ಪಾಲಿಗೆ ಸುಮಾರು 10 ಕೆ.ಜಿ. ಚಕ್ರ ಸ್ವಲ್ಪವೂ ಬಗ್ಗದ ಗಡಸು ಎಂದುಕೊಳ್ಳೋಣ. 12 ಮಿಲಿಮೀಟರ್ ಎತ್ತರದ, ಅಂದರೆ ಅರ್ಧ ಇಂಚಿನ, ಕಲ್ಲಿಗೆ ತಾಗಿ ನಿಂತ 52 ಮಿ.ಮೀ. ಚಕ್ರವನ್ನು ಅಡ್ಡಕ್ಕೆ ತಳ್ಳಿ ಮೇಲೆ ಹತ್ತಿಸಲು ಸುಮಾರು 15.6 ಕೆ.ಜಿ.ಯಷ್ಟು ಬಲ ಬೇಕು. 60 ಮಿ.ಮೀ. ಚಕ್ರಕ್ಕೆ 13.3 ಸಾಕು. 660 ಮಿ.ಮೀ. ವ್ಯಾಸದ ಸೈಕಲ್ ಚಕ್ರಕ್ಕೆ 2.8. ಸೈಕಲ್ಲಿನವರು ಜಲ್ಲಿಯನ್ನು ಲೆಕ್ಕಕ್ಕೇ ಇಡದಿರುವುದು ಇದಕ್ಕೇ. ಓಡುವಾಗ ವೇಗ ಒಂದಿಷ್ಟು ನೆರವಿಗೆ ಬರುತ್ತದೆ ನಿಜ, ಆದರೆ ಚಕ್ರಗಳ ನಡುವಿನ ತಾರತಮ್ಯ ಹಾಗೇ ಉಳಿಯುತ್ತದೆ.

ಆದರೆ 15.6ರಿಂದ 13.3ಕ್ಕೆ ಇಳಿದರೆ ಏನು ಮಹಾ? ಗಾತ್ರವೊಂದೇ ಇದ್ದರೆ ಹುಡುಗಿ ಮತ್ತೆ ಬೀಳುತ್ತಿದ್ದಳು. ಇಲ್ಲಿ ಮೆದುತನ ಕೈಹಿಡಿಯಬೇಕು. ಕಲ್ಲಿನ ಒಂದಷ್ಟು ಭಾಗವನ್ನು ಚಕ್ರ ತನ್ನ ಮೈಯಲ್ಲಿ ನುಂಗಿದರೆ ಹತ್ತಬೇಕಾದ ಎತ್ತರ ಅಷ್ಟು ತಗ್ಗಿತು. ಡಾಂಬರಿನಲ್ಲಿ ತಲೆ ಎತ್ತಿರುವ ಸಣ್ಣ ಸಣ್ಣ ಕಲ್ಲುಗಳಂತೂ ಮೆದು ಚಕ್ರಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗೆಂದು ಇದಕ್ಕೂ ಮಿತಿ ಇದೆ. ಮುಕ್ಕಾಲು ಇಂಚಿನ, ಅಂದರೆ 20 ಮಿ.ಮೀ. ಜಲ್ಲಿಗೆ ಅದೇ ಲೆಕ್ಕ ಹಾಕಿದರೆ 52ರ ಚಕ್ರಕ್ಕೆ 42 ಕೆ.ಜಿ., 60ರ ಚಕ್ರಕ್ಕೆ 28. ಅದನ್ನು ಯಾವ ಚಕ್ರವೂ ದಾಟಿಸದು. ಕಣ್ಣೇ ದಾಟಿಸಬೇಕು.

ಭಾನುವಾರ ಬೆಳಗ್ಗೆ ಅಪ್ಪ ಮಗಳು ಅಡಿಪಟ್ಟಿ, ನೋಟ್‌ಬುಕ್ ಹಿಡಿದು ತಮ್ಮ ಬೀದಿಯನ್ನೇ ನೋಡಲು ಹೊರಟರು. ಹಾಲು ತರಲು ಹೊರಟವರು ಇವರಿಬ್ಬರನ್ನೂ ರಸ್ತೆ ಅಗಲ ಮಾಡುವವರೆಂದು ತಿಳಿದು ಗಾಬರಿಯಾದರಂತೆ. ದಿನಾ ಓಡಾಡುವ ಬೀದಿಯನ್ನು ಚಕ್ರದ ಕಣ್ಣಿನಿಂದ ನೋಡಿದರೆ ಬೇರೆಯೇ ಊರು. ಮನೆಯ ಮುಂದೆ ಹಳೆಯ ಡಾಂಬರು. ಅದರ ಟಾರು ಸವೆದು ಜಲ್ಲಿ ಹಲ್ಲು ಬಿಟ್ಟಿದೆ. ಅದರ ನಡುವೆ ಪೈಪಿಗಾಗಿ ಅಗೆದು ಮುಚ್ಚಿದ ಪಟ್ಟಿ, ಒಂದು ಬೆರಳು ತಗ್ಗು. ಮೂಲೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ, ಎರಡು ಬೆರಳು ಎತ್ತರ. ಪಾದಚಾರಿ ದಾರಿಯಲ್ಲಿ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಒಂದು ಚಪ್ಪಡಿಗೂ ಮುಂದಿನದಕ್ಕೂ ನಡುವೆ ಬಿರುಕು. ತಿರುವಿನಲ್ಲಿ ಎಂ-ಸ್ಯಾಂಡ್ ಹರಡಿದೆ, ಅದು ಎಲ್ಲಕ್ಕಿಂತ ಮೋಸದ್ದು. ಕಲ್ಲು ಕಾಣುತ್ತದೆ, ಮರಳು ಕಾಣುವುದಿಲ್ಲ. ಮರಳಿನ ಮೇಲೆ ಯಾವ ಚಕ್ರಕ್ಕೂ ಹಿಡಿತವಿಲ್ಲ.

ನುಣುಪಾದ ರಸ್ತೆ ಇಲ್ಲವೆಂದಲ್ಲ. 2017ರಿಂದೀಚೆಗೆ ಬೆಂಗಳೂರಿನ ಹಲವು ದೊಡ್ಡ ರಸ್ತೆಗಳಿಗೆ ‘ವೈಟ್ ಟಾಪಿಂಗ್’ ಎಂಬ ಕಾಂಕ್ರೀಟ್ ಹೊದಿಕೆ ಬಂದಿದೆ. ಆದರೆ ಅಲ್ಲಿ ಬಸ್ಸು, ಲಾರಿ, ಸಮಯದ ಹಿಂದೆ ಬಿದ್ದ ಬೈಕುಗಳು. ಮಕ್ಕಳು ಕಾಲಿಡುವಂತಿಲ್ಲ. ವಾಹನ ಕಡಿಮೆ ಇರುವ ಒಳಬೀದಿಗೆ ಡಾಂಬರು ಬೀಳುವುದು ಅಪರೂಪ. ನುಣುಪು ಇರುವಲ್ಲಿ ಮಕ್ಕಳಿಲ್ಲ, ಮಕ್ಕಳಿರುವಲ್ಲಿ ನುಣುಪಿಲ್ಲ.

“ಹಾಗಾದ್ರೆ 60, 78ಎ ತಗೊಳ್ಳೋಣ,” ಎಂದರು ಅಪ್ಪ. ಅಷ್ಟರಲ್ಲಿ ಅವರಿಗೆ ಅಂಕಿಗಳು ಬಾಯಿಗೆ ಬಂದಿದ್ದವು.

“ಅದ್ರಲ್ಲಿ ಆಲಿ ಆಗಲ್ಲ ಅಪ್ಪ. ನಿಂಗೆ ಗೊತ್ತಾಗಲ್ಲ.”

ಆಲಿ ಎಂದರೆ ಕೈ ತಾಗಿಸದೆ ಹಲಗೆಯ ಸಮೇತ ಮೇಲೆ ಜಿಗಿಯುವುದು. 1970ರ ದಶಕದ ಕೊನೆಯಲ್ಲಿ ಫ್ಲಾರಿಡಾದ ಅಲನ್ ಗೆಲ್‌ಫಾಂಡ್ ಎಂಬ ಹುಡುಗ ಕಂಡುಹಿಡಿದದ್ದು. ಅವನ ಅಡ್ಡಹೆಸರೇ ವರಸೆಗೂ ಉಳಿಯಿತು. ಮಗಳ ಮಾತು ಸುಳ್ಳಲ್ಲ. ದೊಡ್ಡ ಚಕ್ರ ಭಾರ, ಹಲಗೆಯನ್ನು ನೆಲದಿಂದ ದೂರ ಎತ್ತುತ್ತದೆ. ಮೆದು ಚಕ್ರ ಪುಟಿಯುತ್ತದೆ, ಜಾರಬೇಕಾದಲ್ಲಿ ನೆಲಕ್ಕೆ ಅಂಟುತ್ತದೆ. ವರಸೆ ಮಾಡುವವರು 50ರಿಂದ 54 ಮಿ.ಮೀ., 99ಎ, 101ಎ ಎಂದು ಹಟ ಹಿಡಿಯುವುದು ಶೋಕಿಗಲ್ಲ. ಅವರ ಆಟದ ನೆಲ ನುಣುಪು ಕಾಂಕ್ರೀಟು. ಅಲ್ಲಿ 78ಎ ಹಾಕಿದರೆ ಅವರೂ ಬೀಳುತ್ತಾರೆ.

ನಡುವಿನ ದಾರಿಯೂ ಉಂಟು. 54ರಿಂದ 58 ಮಿ.ಮೀ., 85ರಿಂದ 92ಎ. ಓಡಾಟಕ್ಕೂ ಆಗಬೇಕು, ಅಷ್ಟಿಷ್ಟು ಜಿಗಿತಕ್ಕೂ ಆಗಬೇಕು ಎನ್ನುವವರು ಅದನ್ನೇ ಹಾಕುತ್ತಾರೆ. ಸಾಧಾರಣ ಒಳ್ಳೆಯ ಡಾಂಬರು ಇರುವ ಬಡಾವಣೆಗೆ ಅದು ಸರಿಯೇ. ಹಲ್ಲು ಬಿಟ್ಟ ಜಲ್ಲಿಯ ಬೀದಿಗೆ ಅದು ಎರಡೂ ಕಡೆ ಅರ್ಧರ್ಧ. ಮಗಳು ಅದಕ್ಕೇ ಜೋತುಬಿದ್ದಳು. ಅಪ್ಪ ಆಗುವುದಿಲ್ಲ ಎನ್ನಲಿಲ್ಲ. ಮನೆಯಿಂದ ಮುಂದಿನ ತಿರುವಿನವರೆಗೆ ಹೋಗಿ ಬರಲು ಆಗುವಂಥದು ಮೊದಲು ಬೇಕೋ, ಒಂದೇ ಜಾಗದಲ್ಲಿ ಜಿಗಿಯಲು ಆಗುವಂಥದೋ ಎಂದು ಕೇಳಿ ಸುಮ್ಮನಾದರು. ಎರಡು ದಿನ ಯೋಚಿಸಿ ಅವಳೇ “ಮೊದ್ಲು ಹೋಗಿ ಬರೋದು” ಎಂದಳು. ಮಕ್ಕಳಿಗೆ ತೀರ್ಮಾನ ಬಿಟ್ಟುಕೊಡುವುದರಲ್ಲಿ ಅಪಾಯವಿದೆ. ಆದರೆ ಬೀದಿಯನ್ನು ಅಳೆದು ಬಂದ ಮಗು ವಿಡಿಯೊ ನೋಡಿದ ಮಗುವಿಗಿಂತ ಬೇರೆಯಾಗಿ ಯೋಚಿಸುತ್ತದೆ.

ಅಮ್ಮನ ಒಪ್ಪಿಗೆ ಬಾಕಿ ಇತ್ತು. ಅಪ್ಪ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್‌ವಾರ್ ಎಂಬ ಹಳ್ಳಿಯ ವಿಷಯ ಹೇಳಿದರು. ಆ ಕುಗ್ರಾಮದಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಟ್ ಎಂಬ ಮಹಿಳೆ 2015ರಲ್ಲಿ ಮಕ್ಕಳಿಗಾಗಿ ಕಾಂಕ್ರೀಟಿನ ಸ್ಕೇಟ್‌ಪಾರ್ಕ್ ಕಟ್ಟಿಸಿದರು. ಅಲ್ಲಿ ಇಟ್ಟ ನಿಯಮ ಎರಡು: ಶಾಲೆಗೆ ಹೋಗದವರಿಗೆ ಸ್ಕೇಟಿಂಗ್ ಇಲ್ಲ, ಮೊದಲ ಸರದಿ ಹುಡುಗಿಯರದು. ಮಗಳಿಗೆ ಎರಡನೆಯದು ಹಿಡಿಸಿತು, ಅಮ್ಮನಿಗೆ ಮೊದಲನೆಯದು. ಅವರೂ ತಮ್ಮ ನಿಯಮ ಹೇಳಿದರು. ಮಳೆ ಬಂದ ದಿನ ಬೇಡ, ಕತ್ತಲಾದ ಮೇಲೆ ಬೇಡ, ಮುಖ್ಯರಸ್ತೆ ಯಾವತ್ತೂ ಬೇಡ. ಮೂರೂ ಚಕ್ರಕ್ಕೂ ಒಪ್ಪುವ ನಿಯಮಗಳೇ. ಒದ್ದೆ ರಸ್ತೆಯಲ್ಲಿ ಯುರೆಥೇನ್ ಜಾರುತ್ತದೆ, ಬೇರಿಂಗ್‌ಗೆ ನೀರು ಹೋದರೆ ತುಕ್ಕು ಹಿಡಿಯುತ್ತದೆ, ನೀರು ತುಂಬಿದ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ.

ಇನ್ನು ಕೊಳ್ಳುವ ಮಾತು. ನಾಲ್ಕು ಚಕ್ರಕ್ಕೆ ಬೈಕಿನ ಒಂದು ಟೈರಿನ ಆಸುಪಾಸಿನ ಬೆಲೆ ಕೇಳಿ ಅಪ್ಪನೂ ಒಂದು ಕ್ಷಣ ಅಟ್ಟದ ಕಡೆ ನೋಡಿದ್ದುಂಟು. ಆಟಿಕೆ ಅಂಗಡಿಯಲ್ಲಿ ಅದರ ಕಾಲು ಭಾಗಕ್ಕೆ ಹೊಳೆಯುವ ಚಕ್ರ ಸಿಗುತ್ತವೆ, ಕೆಲವಕ್ಕೆ ದೀಪವೂ ಇರುತ್ತದೆ. ಅವುಗಳಲ್ಲಿ ಬಹಳಷ್ಟು ಬರೀ ಪ್ಲಾಸ್ಟಿಕ್. ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ: ಎದೆಯೆತ್ತರದಿಂದ ಕಲ್ಲು ನೆಲಕ್ಕೆ ಬಿಟ್ಟರೆ ಒಳ್ಳೆಯ ಯುರೆಥೇನ್ ಚೆಂಡಿನಂತೆ ಪುಟಿದೇಳುತ್ತದೆ, ಪ್ಲಾಸ್ಟಿಕ್ ಟಕ್ ಎಂದು ಬಿದ್ದು ಉರುಳುತ್ತದೆ. ಗಡಸುತನದ ಅಂಕಿಯೇ ಇಲ್ಲದ ಚಕ್ರವನ್ನು ಕೊಳ್ಳದಿರುವುದು ಮೇಲು. ಅಂಚು ದುಂಡಗಿರಲಿ, ಚೌಕ ಅಂಚು ಬಿರುಕಿನ ತುದಿಗೆ ಸಿಕ್ಕಿಕೊಳ್ಳುತ್ತದೆ.

ಹಳೆಯ ಬೇರಿಂಗ್‌ಗಳನ್ನೇ ಹೊಸ ಚಕ್ರಕ್ಕೆ ಹಾಕಬಹುದು. ಸ್ಕೇಟ್‌ಬೋರ್ಡಿನಲ್ಲಿರುವುದು 608 ಎಂಬ ನಂಬರಿನ ಬೇರಿಂಗ್. ಒಳ ರಂಧ್ರ 8 ಮಿ.ಮೀ., ಹೊರ ವ್ಯಾಸ 22, ದಪ್ಪ 7. ಲೋಕದ ಎಷ್ಟೋ ಯಂತ್ರಗಳಲ್ಲಿ ಇರುವುದೂ ಇದೇ. 2017ರಲ್ಲಿ ಮಕ್ಕಳ ಬೆರಳ ತುದಿಯಲ್ಲಿ ತಿರುಗುತ್ತಿದ್ದ ಫಿಜೆಟ್ ಸ್ಪಿನ್ನರ್‌ಗಳ ಹೊಟ್ಟೆಯಲ್ಲೂ ಇದೇ ಇತ್ತು. ಕೆಟ್ಟರೆ ಬೇರಿಂಗ್ ಮಾರುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಡಬ್ಬಿಯ ಮೇಲಿನ ದೊಡ್ಡ ದೊಡ್ಡ ವೇಗದ ಮಾತಿಗೆ ಮರುಳಾಗಬೇಕಿಲ್ಲ. ಒರಟು ಬೀದಿಯಲ್ಲಿ ಬೇರಿಂಗಿನ ನುಣುಪಿಗಿಂತ ಅದರೊಳಗೆ ದೂಳು ಹೋಗದಂತೆ ತಡೆಯುವ ಮುಚ್ಚಳ ಮುಖ್ಯ.

ಒಂದು ವಿಷಯ ಮಾತ್ರ ಮರೆಯಬಾರದು. ಚಕ್ರ ದೊಡ್ಡದಾದಾಗ ಅದಕ್ಕೂ ಹಲಗೆಗೂ ನಡುವಿನ ಸಂದು ಕಿರಿದಾಗುತ್ತದೆ. ತಿರುವಿನಲ್ಲಿ ಹಲಗೆ ವಾಲಿದಾಗ ಚಕ್ರಕ್ಕೆ ಒತ್ತಿ ಅದು ಗಪ್ಪನೆ ನಿಂತುಬಿಡುತ್ತದೆ. ಕಲ್ಲಿಲ್ಲದೆಯೇ ಕಲ್ಲಿಗೆ ಬಡಿದಂತೆ. ಕಲ್ಲಿನ ಭಯಕ್ಕೆ ದೊಡ್ಡ ಚಕ್ರ ಹಾಕಿ ಈ ರೀತಿ ಬಿದ್ದರೆ ಅದಕ್ಕಿಂತ ಅನ್ಯಾಯವಿಲ್ಲ. ಆದ್ದರಿಂದ ಹಲಗೆಗೂ ಅಚ್ಚು ಹಿಡಿದಿರುವ ಲೋಹದ ಭಾಗಕ್ಕೂ ನಡುವೆ ‘ರೈಸರ್’ ಎಂಬ ಬಿಲ್ಲೆ ಇಡಬೇಕು. 56ರಿಂದ 59ರ ಚಕ್ರಕ್ಕೆ ಸುಮಾರು 3 ಮಿ.ಮೀ. ದಪ್ಪದ್ದು, 60 ದಾಟಿದರೆ 6 ಮಿ.ಮೀ.; ಅದಕ್ಕೆ ತಕ್ಕಂತೆ ಉದ್ದನೆಯ ಬೋಲ್ಟು. ಅಪ್ಪ 6 ಮಿ.ಮೀ. ಬಿಲ್ಲೆಯನ್ನೇ ಹಾಕಿದರು. ಆಮೇಲೆ ಹಲಗೆಯ ಒಂದು ಅಂಚಿನ ಮೇಲೆ ತಾವೇ 70 ಕೆ.ಜಿ. ನಿಂತು, ಚಕ್ರ ತಿರುಗುತ್ತದೋ ಇಲ್ಲವೋ ಎಂದು ಮಗಳಿಂದ ಬೆರಳಲ್ಲಿ ತಿರುಗಿಸಿ ನೋಡಿಸಿದರು. ಅವರ ಕಾರ್ಖಾನೆಯ ಚೀಟಿ ಕೈಲಿದ್ದಿದ್ದರೆ ‘ಸರಿ’ ಎಂದು ಅಂಟಿಸಿಯೇಬಿಡುತ್ತಿದ್ದರು.

ಹಳೆಯ ಗಡಸು ಚಕ್ರಗಳು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಬಿಸ್ಕತ್ತಿನ ಡಬ್ಬಿ ಸೇರಿದವು. ತಿಂಗಳಿಗೊಮ್ಮೆ ಊರಿನ ಇನ್ನೊಂದು ತುದಿಯ ಸ್ಕೇಟ್‌ಪಾರ್ಕಿಗೆ ಹೋಗುವಾಗ ಅವು ಹೊರಬರುತ್ತವೆ. 13ರ ಸ್ಪ್ಯಾನರ್ ಒಂದಿದ್ದರೆ ಹತ್ತು ನಿಮಿಷದ ಕೆಲಸ; ಅಲ್ಲಿಗೆ ಹೋಗುವ ಮೊದಲು ಬದಲಿಸುತ್ತಾಳೆ, ಬಂದ ಮೇಲೆ ಮತ್ತೆ ಬದಲಿಸುತ್ತಾಳೆ. ಆಲಿ ಇನ್ನೂ ಸರಿಯಾಗಿ ಬಂದಿಲ್ಲ. ಮನೆಯ ಬೀದಿಯಲ್ಲಿ ಮಾತ್ರ ಆ ಹಲ್ಲು ಬಿಟ್ಟ ಡಾಂಬರಿನ ಮೇಲೆ ತಿರುವಿನ ಅಂಗಡಿಯವರೆಗೆ ಹೋಗಿ ಕೊತ್ತಂಬರಿ ಸೊಪ್ಪು ತರುತ್ತಾಳೆ. ಮರಳು ಕಂಡಲ್ಲಿ ಇಳಿದು ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆಯುತ್ತಾಳೆ. ಬೀಳುವುದೇ ಇಲ್ಲವೆಂದಲ್ಲ. ಕಳೆದ ತಿಂಗಳು ನಾಯಿಮರಿಯೊಂದನ್ನು ತಪ್ಪಿಸಲು ಹೋಗಿ ಮೊಣಕೈ ತರಚಿಕೊಂಡಳು. ಅದಕ್ಕೆ ಯಾರೂ ಅಟ್ಟದ ಮಾತೆತ್ತಲಿಲ್ಲ.

ಅಮ್ಮನದು ಈಗ ಬೇರೆಯೇ ತಕರಾರು. ಮೊದಲಿನ ಚಕ್ರ ಬೀದಿಯ ಆ ತುದಿಯಲ್ಲಿದ್ದರೂ ಗರಗರ ಕೇಳುತ್ತಿತ್ತು. ಅಡುಗೆಮನೆಯಿಂದಲೇ ಮಗಳು ಎಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು. ಹೊಸ ಚಕ್ರಕ್ಕೆ ಸದ್ದೇ ಇಲ್ಲ. ಪಕ್ಕದ ಮನೆಯ ಅಜ್ಜಿ ರಂಗೋಲಿ ಹಾಕುತ್ತಿದ್ದಾಗ ಹಿಂದಿನಿಂದ ಮೆಲ್ಲಗೆ ಬಂದು ನಿಂತು ಅವರನ್ನು ಬೆಚ್ಚಿಬೀಳಿಸಿದ್ದೂ ಆಯಿತು. “ಇವಳ ಕೈಗೊಂದು ಸೈಕಲ್ ಬೆಲ್ ಕಟ್ಟಿ ರೀ,” ಎನ್ನುತ್ತಿದ್ದಾರೆ. ಬೆಲ್ಲನ್ನು ಮುಂಗೈಗೆ ಕಟ್ಟಲು ಎಂಥ ಪಟ್ಟಿ ಬೇಕೆಂದು ಅಪ್ಪ ಅಳತೆ ತೆಗೆದುಕೊಂಡು ಹೋಗಿದ್ದಾರೆ.